ಚಿತ್ರಕಥೆಯಲ್ಲಿ ವರ್ಣೌಚಿತ್ಯ

ಚಿತ್ರಕಲೆಯ ಆರು ಅಂಗಗಳನ್ನು ಹೇಳುವ ಯಶೋಧರನ ವ್ಯಾಖ್ಯಾನದಲ್ಲಿ ರೂಪಭೇದವು ಮೊದಲು ಬರುವುದು. ವರ್ಣಿಕಾಭಂಗವು, ಎಂದರೆ ಬಣ್ಣಗಳ ಹದವರಿತ ಬಳಕೆಯು, ಕಡೆಯಲ್ಲಿ ಬರುವುದು. ಬಣ್ಣವು ಕೀಳೆಂದು ಇದರ ಅರ್ಥವಲ್ಲ. ರೂಪವೂ ಭಾವವೂ ನೆಲೆಗೊಂಡಮೇಲೆ ಅವುಗಳನ್ನು ಬೆಳಗಿಸುವುದೇ ಅದರ ಕೆಲಸವೆಂದು ತಿಳಿಯಬಹುದು. ಗಣಕಯಂತ್ರದಲ್ಲಿ ಬಣ್ಣ ತುಂಬಿದ ಇಂದಿನ ಅನೇಕ ಚಿತ್ರಕಥೆಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಬಣ್ಣವು ಮುಂದೆ ಬಂದು, ಕಥೆಯನ್ನು ನಡೆಸಬೇಕಾದ ರೇಖೆಯು ಅದರ ಮರೆಯಲ್ಲಿ ನಿಂತಿದೆ.

ಹಿಂದಿನವರಿಗೆ ಈ ಅಪಾಯವಿರಲಿಲ್ಲ. ಅವರ ಬಡತನವೇ ಅವರನ್ನು ಕಾಯುತ್ತಿತ್ತು. ಅಮೆರಿಕದ ಅಗ್ಗದ ಚಿತ್ರಕಥೆಗಳಲ್ಲಿ ಕಪ್ಪನ್ನು ಬಿಟ್ಟು ಮೂರು ಶಾಯಿಗಳು, ಒಂದೊಂದಕ್ಕೆ ನಾಲ್ಕು ಮಟ್ಟಗಳು, ಒಟ್ಟಿನಲ್ಲಿ 64 ಬಣ್ಣಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ಮೊದಮೊದಲ ಸಂಚಿಕೆಗಳಿಗೆ ಹಳದಿ, ನೀಲಿ, ಹಸುರುಗಳೇ ಗತಿಯಾಗಿದ್ದವು. ಆದರೂ ಮಕ್ಕಳು ಕಥೆಯ ದಾರಿ ತಪ್ಪಲಿಲ್ಲ. ಗಣಕಯಂತ್ರವು ಕೆಂಪು, ಹಸುರು, ನೀಲಿಗಳಿಗೆ 256ರಂತೆ ಮಟ್ಟಗಳನ್ನಿತ್ತು 1,67,77,216 ಬಣ್ಣಗಳನ್ನು ಕೈಗೆ ಕೊಡುವುದು. ಸಂಪತ್ತು ಬಂದಿತು, ಅದರೊಡನೆ ವಿವೇಕವೂ ಬಂದಿತೆ?

ಯಂತ್ರದ ವಿಧಾನವು ತಾನಾಗಿ ದೋಷವುಳ್ಳದ್ದಲ್ಲ. ಕರಿಯ ರೇಖೆಗಳನ್ನು ಮೇಲಿನ ಪದರದಲ್ಲಿರಿಸಿ, ಕೆಳಗಿನ ಪದರದಲ್ಲಿ ಒಂದೊಂದು ಆಕಾರಕ್ಕೂ ಒಂದೊಂದು ಸಮಬಣ್ಣವನ್ನು ತುಂಬುವರು. ಅನಂತರ ಬೇರೆ ಪದರಗಳಲ್ಲಿ ನೆರಳು ಬೆಳಕುಗಳನ್ನು ಕೂಡಿಸುವರು. ತಪ್ಪಿದುದನ್ನು ಅಳಿಸಲು ಎಷ್ಟು ಸುಲಭವೋ ಬೇಡದುದನ್ನು ಸೇರಿಸಲೂ ಅಷ್ಟೇ ಸುಲಭ. ಪ್ರತಿಯೊಂದು ಕೆನ್ನೆಗೂ ಹೊಳಪು, ಪ್ರತಿಯೊಂದು ಮಡಿಕೆಗೂ ನೆರಳು ಬಂದು, ನಾಯಕನೂ ನೀರಿನ ಕೊಡವೂ ಸಮನಾಗಿ ಮಿಂಚುವರು. ಇದಲ್ಲದೆ, ತೆರೆಯ ಮೇಲೆ ಬೆಳಕಿನಿಂದ ಮೂಡುವ ಉಜ್ಜ್ವಲ ವರ್ಣವು ಕಾಗದದ ಮೇಲೆ ಶಾಯಿಯಾಗಿ ಇಳಿದಾಗ ಮಂಕಾಗುವುದು.

ಈ ನುಣುಪಿನ ಛಾಯೆಗೆ ಯೋಗ್ಯವಾದ ಕ್ಷೇತ್ರವು ಬೇರೊಂದಿದೆ. ಕಲಬುರ್ಗಿಯ ಎಸ್. ಎಂ. ಪಂಡಿತರ (1916–1993) ಪಂಚಾಂಗಚಿತ್ರಗಳಲ್ಲಿ ದೇವತೆಗಳ ಮೈ ಒಳಗಿನಿಂದ ಬೆಳಗುವಂತೆ ತೋರುವುದು. ಅಲ್ಲಿ ಬಣ್ಣವೇ ರೂಪ. ಅಂಚನ್ನು ಕಟ್ಟಲು ಕರಿಯ ಗೆರೆ ಬೇಕಿಲ್ಲ. ಚಿತ್ರಕಥೆಯಲ್ಲಾದರೋ ರೂಪವನ್ನು ಗೆರೆಯು ಆಗಲೇ ಹೇಳಿ ಮುಗಿಸಿರುವುದು. ಅದನ್ನೇ ಛಾಯೆಯಿಂದ ಮತ್ತೆ ಹೇಳುವುದು ಪುನರುಕ್ತಿ. ಪಂಡಿತರ ಕುಂಚದ ಗುಣವು ಇಲ್ಲಿ ದೋಷವಾಗುವುದಕ್ಕೆ ಇದೇ ಕಾರಣ.

ಹಾಗೆಂದು ಹೊಸ ಸಾಧನವನ್ನು ತಿರಸ್ಕರಿಸುವುದು ನ್ಯಾಯವಲ್ಲ. ಜಪಾನಿನ ಕಟ್ಸುಹಿರೋ ಓಟೊಮೊ ಅವರು ಕಪ್ಪುಬಿಳುಪಿನಲ್ಲಿ ಬರೆದ ‘ಅಕಿರಾ’ಕ್ಕೆ ಅಮೆರಿಕದ ಸ್ಟೀವ್ ಓಲಿಫ್ ಅವರು 1988ರಿಂದ ಗಣಕಯಂತ್ರದ ಮೂಲಕ ಬಣ್ಣವಿತ್ತು, ಈ ಕಲೆಗೆ ದಾರಿ ತೆರೆದರು. ಅದೇ ವರ್ಷ ಜಾನ್ ಹಿಗಿನ್ಸ್ ಅವರ ಪ್ರಖರವರ್ಣಗಳೊಡನೆ ಹೊರಬಂದ ‘ದಿ ಕಿಲ್ಲಿಂಗ್ ಜೋಕ್’ ಎಂಬ ಕೃತಿಗೆ, ಅದರ ರೇಖಾಕಾರ ಬ್ರಯನ್ ಬೋಲಂಡ್ ಅವರೇ 2008ರಲ್ಲಿ ತಣ್ಣನೆಯ, ಅಡಗಿದ ಬಣ್ಣಗಳನ್ನು ತುಂಬಿದರು. ಮಾತು ಅದೇ, ಗೆರೆ ಬಹುಮಟ್ಟಿಗೆ ಅದೇ. ಆದರೂ ಉನ್ಮಾದದ ಕಥೆಯು ವಿಷಾದದ ಕಥೆಯಾಯಿತು. ವರ್ಣವು ಅಲಂಕಾರಮಾತ್ರವಲ್ಲ, ರಸವನ್ನೇ ಮಾರ್ಪಡಿಸಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಹೀಗಿರುವಲ್ಲಿ, ನಮ್ಮ ನಾಡಿನ ಕಥೆಗೆ ಬಣ್ಣವನ್ನಾರಿಸುವವನ ಹೊಣೆಯು ಸಣ್ಣದಲ್ಲ. ಆಡಕಿ, ಸೇಡಂ ಪ್ರಾಂತದ ಎರೆಯ ಕಪ್ಪು, ಶಹಾಬಾದ ಕಲ್ಲಿನ ನೀಲಿ ಬೆರೆತ ಬೂದಿ, ತೊಗರಿಹೂವಿನ ಹಳದಿ, ಇವು ಯಂತ್ರದೊಳಗಿನ ಸಿದ್ಧವರ್ಣಗಳಲ್ಲಿ ತಾವಾಗಿ ದೊರೆಯುವುದಿಲ್ಲ. ಕಾಗಿಣೆಯ ತಡಿಯ ಮಳಖೇಡದಲ್ಲಿ ಆಳಿದ ನೃಪತುಂಗನ ಕಥೆಯನ್ನು ಚಿತ್ರಿಸುವವನು ಆ ಕೋಟೆಗೆ ಮರುಭೂಮಿಯ ಕೆಂಗಂದು ಬಳಿದರೆ, ಮಾತು ಕನ್ನಡವಾಗಿದ್ದರೂ ನೆಲ ಕನ್ನಡವಾಗದು.

ಮಕ್ಕಳಿಗೆ ಪುಸ್ತಕ ಕೊಳ್ಳುವ ಹಿರಿಯರು ಪುಟವೊಂದನ್ನು ತೋಳಿನಳತೆಯ ದೂರದಲ್ಲಿ ಹಿಡಿದು ನೋಡಬಹುದು. ಕಥೆಯಲ್ಲಿ ಮುಖ್ಯವಾದುದರ ಮೇಲೆ ಕಣ್ಣು ಮೊದಲು ನಿಂತರೆ ಬಣ್ಣಗಾರನು ತನ್ನ ಕೆಲಸವನ್ನು ಬಲ್ಲವನು. ಕಣ್ಣು ಎಲ್ಲಿಯೂ ನಿಲ್ಲದೆ ಹೊಳಪಿನಿಂದ ಹೊಳಪಿಗೆ ಹಾರಿದರೆ, ಅಲ್ಲಿ ಯಂತ್ರದ ಶಕ್ತಿಯು ಕಾಣುವುದಲ್ಲದೆ ಕಲಾವಿದನ ಆಯ್ಕೆಯು ಕಾಣದು.