ಹಲ್ಲು ಯಾವುದು, ಸುಳಿ ಯಾವುದು?

"1974 ಮಾಡೆಲ್. ನಂಬರ್ ಮ್ಯಾಚಿಂಗ್. ಎಲ್ಲಾ ಒರಿಜಿನಲ್. ನಿಲ್ಲಿಸಿದಾಗ ಚೆನ್ನಾಗೇ ಓಡ್ತಿತ್ತು. ಕಾರ್ಬ್ಯುರೇಟರ್ ಒಂದ್ಸಲ ಕ್ಲೀನ್ ಮಾಡಿದ್ರೆ ಸಾಕು."

ಅಮೆರಿಕದಲ್ಲಿ ಹಳೇ ಡರ್ಟ್ ಬೈಕ್ ಮಾರುವವರ ಜಾಹೀರಾತು ಹೆಚ್ಚುಕಡಿಮೆ ಹೀಗೇ ಇರುತ್ತೆ. ಕಥೆ, ಕವನದ ಹಾಗೆ ಇದೂ ಒಂದು ಪ್ರಕಾರ ಅಂತಲೇ ನಾನು ಇವನ್ನು ಓದೋದು. ಇದಕ್ಕೂ ತನ್ನದೇ ವ್ಯಾಕರಣ ಇದೆ, ಅಲಂಕಾರ ಇದೆ. "ನಿಲ್ಲಿಸಿದಾಗ ಓಡ್ತಿತ್ತು" ಅನ್ನೋದು ಸಾಯೋ ತನಕ ಬದುಕಿದ್ದ ಅಂದ ಹಾಗೆ; ಯಾವಾಗ ನಿಲ್ಲಿಸಿದ್ದು, ಯಾಕೆ ನಿಲ್ಲಿಸಿದ್ದು ಅನ್ನೋದು ಮಾತ್ರ ಹೇಳಲ್ಲ. ಇನ್ನು ಕಾರ್ಬ್ಯುರೇಟರ್ ಕ್ಲೀನ್ ಮಾಡಿದ್ರೆ ಸಾಕು ಅನ್ನೋದಾದ್ರೆ ಪುಣ್ಯಾತ್ಮ ತಾನೇ ಮಾಡಿ ಇನ್ನೊಂದಿಷ್ಟು ಜಾಸ್ತಿ ದುಡ್ಡಿಗೆ ಮಾರ್ತಿದ್ದ. ಈ ಎರಡು ಸುಳ್ಳುಗಳ ಮೇಲೆ ನನಗೆ ಸಿಟ್ಟಿಲ್ಲ. ಸಂತೆಯಲ್ಲಿ ಇಷ್ಟು ನಡೆಯುತ್ತೆ. ನನ್ನ ತಕರಾರು ಮೊದಲ ಮೂರು ಮಾತುಗಳ ಮೇಲೆ. ಯಾಕಂದ್ರೆ ಅವು ಬಹಳ ಸಲ ನಿಜವೇ ಆಗಿರುತ್ತವೆ, ಮತ್ತು ಇಡೀ ಬೆಲೆ ನಿಂತಿರೋದು ಅವುಗಳ ಮೇಲೆ.

ನಾನು ಹುಟ್ಟಿ ಬೆಳೆದ ಕಡೆ ಎತ್ತು ಕೊಳ್ಳೋಕೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗ್ತಿದ್ರು. ಅಲ್ಲಿ ಎತ್ತಿನ ವಯಸ್ಸು ಮಾರುವವನ ಬಾಯಲ್ಲಿರಲ್ಲ, ಎತ್ತಿನ ಬಾಯಲ್ಲಿರುತ್ತೆ. ತುಟಿ ಎತ್ತಿ ನೋಡಿದ್ರೆ ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದ್ಯೋ ಗೊತ್ತಾಗುತ್ತೆ. ಹಲ್ಲು ಆದ ಮೇಲೆ ಸುಳಿ. ಮೈಮೇಲೆ ಕೂದಲು ಸುತ್ತಿಕೊಂಡಿರೋ ಗುರುತು. ಇಂಥ ಕಡೆ ಇದ್ರೆ ಮನೆ ಉದ್ಧಾರ, ಅಂಥ ಕಡೆ ಇದ್ರೆ ಮನೆ ಹಾಳು. ಹಲ್ಲು ಎತ್ತಿನ ಬಗ್ಗೆ ಹೇಳುತ್ತೆ, ಸುಳಿ ಕೊಳ್ಳುವವನ ಭಯದ ಬಗ್ಗೆ ಹೇಳುತ್ತೆ. ಆದ್ರೆ ಎಷ್ಟೇ ಸುಳಿ ನಂಬುವ ರೈತನೂ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡದೆ ಟವೆಲ್ ಕೆಳಗೆ ಬೆರಳು ಕೊಡ್ತಿರಲಿಲ್ಲ.

ವಿಂಟೇಜ್ ಡರ್ಟ್ ಬೈಕುಗಳ ಲೋಕ ಹಲ್ಲನ್ನೂ ಸುಳಿಯನ್ನೂ ಕಲಸಿಬಿಟ್ಟಿದೆ ಅನ್ನೋದೇ ನನ್ನ ವಾದ.

ಮೊದಲು ಹಲ್ಲು ನೋಡೋಣ. ಅಮೆರಿಕದಲ್ಲಿ 1981ರ ಮಾಡೆಲ್‌ಗಳಿಂದ ವಾಹನಗಳಿಗೆಲ್ಲ 17 ಅಕ್ಷರ-ಅಂಕಿಗಳ ಒಂದೇ ನಮೂನೆಯ ನಂಬರ್ ಬಂತು. ಅದರ ಹತ್ತನೇ ಅಕ್ಷರ ನೋಡಿದ್ರೆ ವರ್ಷ ಗೊತ್ತಾಗುತ್ತೆ. ಅದಕ್ಕಿಂತ ಹಿಂದಿನ ಬೈಕುಗಳಿಗೆ ಈ ಸುಖ ಇಲ್ಲ, ಒಂದೊಂದು ಕಂಪನಿಯದು ಒಂದೊಂದು ಲಿಪಿ. 1968ರಲ್ಲಿ ಬಂದ ಯಮಹಾ ಡಿಟಿ-1ರ ಫ್ರೇಮ್ ಮೇಲೆ ಡಿಟಿ1 ಅಂತ ಹೊಡೆದು ಮುಂದೆ ಕ್ರಮಸಂಖ್ಯೆ. ಸ್ಪೇನ್‌ನ ಬುಲ್ಟಾಕೊದಲ್ಲಿ ಫ್ರೇಮಿಗೆ ಬಿ, ಎಂಜಿನ್ನಿಗೆ ಎಂ, ಮುಂದೆ ಎರಡಕ್ಕೂ ಒಂದೇ ಸಂಖ್ಯೆ. ಅದರಿಂದ ಗೊತ್ತಾಗೋದು ಮಾಡೆಲ್. ವರ್ಷ ಬೇಕಾದ್ರೆ ಪಟ್ಟಿ ಹಿಡಿದು ಕೂರಬೇಕು. ಕಾಗದ ನೋಡೋಣ ಅಂದ್ರೆ, 1973ರಲ್ಲಿ ತಯಾರಾಗಿ ಡೀಲರ್ ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದ ಬೈಕಿಗೆ ಕಾಗದದಲ್ಲಿ 1975 ಅಂತಿರಬಹುದು. ಬರೀ ರೇಸಿಗೆ ಅಂತ ಕೊಂಡವಕ್ಕೆ ಎಷ್ಟೋ ಕಡೆ ಕಾಗದವೇ ಇಲ್ಲ.

ಇಷ್ಟು ಒದ್ದಾಡಿ ವರ್ಷ ಯಾಕೆ ಹುಡುಕಬೇಕು? ಇದಕ್ಕೆ ಗಟ್ಟಿ ಕಾರಣ ಇದೆ. ಎಪ್ಪತ್ತರ ದಶಕದ ಆರಂಭದವರೆಗೂ ಮೋಟೋಕ್ರಾಸ್ ಬೈಕಿನ ಹಿಂದಿನ ಚಕ್ರ ಮೇಲೆ ಕೆಳಗೆ ಆಡ್ತಿದ್ದದ್ದು ಸುಮಾರು 4 ಇಂಚು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಒಂದೇ ಶಾಕ್ ಅಬ್ಸಾರ್ಬರ್ ಇರೋ ಯಮಹಾದಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ. ಆಮೇಲೆ ಎಲ್ಲರೂ ಸಸ್ಪೆನ್ಷನ್ ಬದಲಾಯಿಸೋಕೆ ಓಡಿದರು. ಕೆಲವೇ ವರ್ಷಗಳಲ್ಲಿ ಆ 4 ಇಂಚು ದುಪ್ಪಟ್ಟು ದಾಟಿತು. ಅದಕ್ಕೇ ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟರ್‌ಸೈಕಲ್ ಅಸೋಸಿಯೇಷನ್ ತನ್ನ ವಿಂಟೇಜ್ ಮೋಟೋಕ್ರಾಸನ್ನು 1974ರ ಬೈಕುಗಳಿಗೆ ನಿಲ್ಲಿಸಿ, ಮುಂದೆ 7 ಇಂಚು, ಹಿಂದೆ 4 ಇಂಚು ಅಂತ ಮಿತಿ ಹಾಕಿತು. ಈ ವರ್ಷ ನಿಜವಾದ ಹಲ್ಲು. ಬೈಕು ಏನು ಮಾಡಬಲ್ಲದು, ಯಾರ ಜೊತೆ ಓಡಬೇಕು ಅಂತ ಹೇಳುತ್ತೆ.

ಆದ್ರೆ "ನಂಬರ್ ಮ್ಯಾಚಿಂಗ್"? ಆನ್‌ಸೈಟ್ ಕೆಲಸಕ್ಕೆ ಓಹಾಯೊದಲ್ಲಿದ್ದಾಗ, ಮಿಡ್-ಓಹಾಯೊ ರೇಸ್ ಟ್ರ್ಯಾಕಿನಲ್ಲಿ ಜುಲೈನಲ್ಲಿ ನಡೆಯೋ ವಿಂಟೇಜ್ ಮೋಟರ್‌ಸೈಕಲ್ ಡೇಸ್‌ಗೆ ಹೋಗಿದ್ದೆ. ಮೈದಾನದ ತುಂಬಾ ಹಳೇ ಬೈಕು, ಬಿಡಿಭಾಗ, ಚೌಕಾಸಿ. ಥೇಟ್ ಜಾತ್ರೆ. ಒಬ್ಬ ಬಿಳಿಗಡ್ಡದವನು ಒಂದು ಬುಲ್ಟಾಕೊ ಪಕ್ಕ ಮಂಡಿಯೂರಿ, ಗ್ರೀಸ್ ಒರೆಸಿ, ಟಾರ್ಚ್ ಬಿಟ್ಟು ಎರಡೂ ನಂಬರ್ ಓದಿದ. ಮೂರು ಅಂಕಿ ಬೇರೆ ಇತ್ತು. "ಬೇರೆ ಎಂಜಿನ್" ಅಂದವನೇ ಎದ್ದು ಹೋದ. ಕಿಕ್ ಹೊಡೀಲಿಲ್ಲ, ಸ್ವಿಂಗ್ ಆರ್ಮ್ ಅಲ್ಲಾಡಿಸಲಿಲ್ಲ, ಎಂಜಿನ್ ಯಾಕೆ ಬದಲಾಯ್ತು ಅಂತ ಕೇಳಲೂ ಇಲ್ಲ. ಎತ್ತನ್ನು ನಡೆಸಿ ನೋಡದೆ ಬರೀ ಸುಳಿ ನೋಡಿ ಹೋದಂಗಾಯ್ತು.

ಯೋಚನೆ ಮಾಡಿ. ಮೋಟೋಕ್ರಾಸ್ ಬೈಕು ಹುಟ್ಟಿರೋದೇ ಮಣ್ಣಲ್ಲಿ ಹಾರಿ ಬೀಳೋಕೆ. ಪಿಸ್ಟನ್ ಸೀಜ್ ಆಗುತ್ತೆ, ಫ್ರೇಮ್ ಬಿರುಕು ಬಿಡುತ್ತೆ, ಟ್ಯಾಂಕ್ ನೆಗ್ಗುತ್ತೆ. ಭಾನುವಾರ ಎಂಜಿನ್ ಹೋದ್ರೆ ಮುಂದಿನ ಭಾನುವಾರದೊಳಗೆ ಇನ್ನೊಂದು ಕೂರಲೇಬೇಕು. ನಂಬರ್ ಹೊಂದದ ಬೈಕು ಎಷ್ಟೋ ಸಲ ದುಡಿದ ಬೈಕು. ಎಲ್ಲಾ ಒರಿಜಿನಲ್ ಇರೋದು ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ಬೈಕು. ಅಂದ್ರೆ ಈ ಮಾರುಕಟ್ಟೆ ಅತಿ ಹೆಚ್ಚು ದುಡ್ಡು ಕೊಡೋದು ತನ್ನ ಕೆಲಸವನ್ನೇ ಮಾಡದ ಯಂತ್ರಕ್ಕೆ!

ಇದರಲ್ಲಿ ನಷ್ಟ ಯಾರಿಗೆ? ಬೈಕುಗಳಿಗೇ. ಓಡೋ ಸ್ಥಿತಿಯಲ್ಲಿರೋ ಎರಡು ಬೈಕು ಬಿಚ್ಚಿ, ಮೂರನೆಯದನ್ನು "ಪೂರ್ತಿ ಒರಿಜಿನಲ್" ಮಾಡ್ತಾರೆ. ಉಳಿದದ್ದು ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಮಾರಾಟ. ಇನ್ನೂ ಕೆಟ್ಟದ್ದು, ನಂಬರ್ ಉಜ್ಜಿ ಹೊಸದಾಗಿ ಹೊಡೆಯೋರು. ಕದ್ದ ಬೈಕು ಪತ್ತೆ ಮಾಡೋಕೆ ಇರೋ ಗುರುತನ್ನೇ ಅಳಿಸಿದಂಗೆ. ನಂಬರ್ ಪರೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ, ಕಳ್ಳತನ ಹಿಡಿಯೋಕೆ ಅದು ಬೇಕೇಬೇಕು. ಆದ್ರೆ ನಂಬರ್ ಹೊಂದಿದ್ರೆ ಮಾತ್ರ ದುಡ್ಡು ಅಂತ ಶಾಸ್ತ್ರ ಮಾಡಿಟ್ಟರೆ, ಸುಳಿ ತಿದ್ದೋರು ಹುಟ್ಟೇ ಹುಟ್ತಾರೆ.

ಹಾಗಾದ್ರೆ ಒರಿಜಿನಲ್‌ಗೆ ಬೆಲೆಯೇ ಇಲ್ವಾ? ಇದೆ. ಪ್ರತಿ ಮಾಡೆಲ್‌ನಲ್ಲೂ ಮುಟ್ಟದ ಒಂದೆರಡು ಉಳೀಬೇಕು. ಇಲ್ಲದಿದ್ರೆ ಯಾವ ಬಣ್ಣ, ಯಾವ ಬೋಲ್ಟ್, ಯಾವ ಸ್ಟಿಕರ್ ಇತ್ತು ಅಂತ ಹೇಳೋಕೆ ಸಾಕ್ಷಿಯೇ ಇರಲ್ಲ. ಪ್ರಸಿದ್ಧಿಗೂ ಬೆಲೆ ಇರಲಿ. ನಟ ಸ್ಟೀವ್ ಮೆಕ್ವೀನ್ ಇಟ್ಟುಕೊಂಡಿದ್ದ ಹಸ್ಕ್‌ವರ್ನಾ 400 ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದೆ. ಜಾತ್ರೆಯಲ್ಲೂ "ಯಾರ ಮನೆ ಎತ್ತು?" ಅಂತ ಕೇಳ್ತಾರೆ. ಅಲ್ಲಿ ಕೊಳ್ಳುವವನಿಗೆ ತಾನು ಹೆಸರಿಗೆ ದುಡ್ಡು ಕೊಡ್ತಿದೀನಿ ಅಂತ ಗೊತ್ತಿರುತ್ತೆ.

ನನ್ನ ಕಸುಬಿನಲ್ಲಿ ಹತ್ತು ವರ್ಷದ ಹಳೇ ಕೋಡು ಬದಲಾಗದೇ ಉಳಿದಿದೆ ಅಂದ್ರೆ ಯಾರೂ ಹೊಗಳಲ್ಲ. ಬಹುಶಃ ಅದನ್ನು ಯಾರೂ ಬಳಸ್ತಿಲ್ಲ ಅಂತ ಅನುಮಾನ ಪಡ್ತಾರೆ. ನಾವು ಕೇಳೋದು ಒಂದೇ: ಏನು ಬದಲಾಯ್ತು, ಯಾವಾಗ, ಯಾಕೆ, ಯಾರು ಮಾಡಿದ್ದು? ಬೈಕಿನಲ್ಲೂ ಅಷ್ಟೇ. ಬದಲಾಗಿದ್ದು ದೋಷ ಅಲ್ಲ, ಬದಲಾಗಿದ್ದನ್ನು ಬರೆದಿಡದೇ ಇರೋದು, ಮುಚ್ಚಿಡೋದು ದೋಷ.

ಇದು ದೂರದೇಶದ ಶೋಕಿಯವರ ಜಗಳ ಅಂತ ಪುಟ ತಿರುಗಿಸಬೇಡಿ. ಅದೇ ಭಾಷೆ ಬೆಂಗಳೂರಿಗೂ ಬಂದಾಗಿದೆ. 1985ರಿಂದ 1996ರವರೆಗೆ ಬಂದ ಆರ್‌ಎಕ್ಸ್ 100 ಇರಲಿ, 1961ರಲ್ಲಿ ಶುರುವಾದ ಮೈಸೂರು ಕಾರ್ಖಾನೆಯ ಜಾವಾ, ಯೆಜ್ಡಿ ಇರಲಿ, ಜಾಹೀರಾತಿನಲ್ಲಿ ಮೊದಲು ಬರೋದು "ಫುಲ್ ಒರಿಜಿನಲ್" ಅನ್ನೋ ಮಂತ್ರ. ಹೊಲದ ಬದುವಿನ ಮೇಲೆ ಗೊಬ್ಬರದ ಮೂಟೆ ಹೊತ್ತ ಬೈಕಿಗೆ, ಊರ ಮೆಕ್ಯಾನಿಕ್ ಮೂರು ಸಲ ಬೋರ್ ಮಾಡಿ ಬದುಕಿಸಿದ ಎಂಜಿನ್ನಿಗೆ, ಬೆಲೆ ಕಮ್ಮಿ. ಅದೇ ಬೈಕಿಗೆ ಬಣ್ಣ ಬಳಿದು ಚರಿತ್ರೆ ಅಳಿಸಿದ್ರೆ ಬೆಲೆ ಜಾಸ್ತಿ.

ಮಾರುವವರು ಮೂರು ಸಾಲು ಬರೆದ್ರೆ ಸಾಕು ನೋಡಿ. ಫ್ರೇಮ್, ಎಂಜಿನ್ ಮೇಲಿರೋ ನಂಬರ್ ಏನು ಹೇಳುತ್ತೆ, ಕಾಗದ ಏನು ಹೇಳುತ್ತೆ. ಏನೇನು ಬದಲಾಗಿದೆ, ಯಾಕೆ. ಕೊನೇ ಸಲ ಯಾವಾಗ ಸ್ಟಾರ್ಟ್ ಮಾಡಿ ಎಲ್ಲಿ ಓಡಿಸಿದ್ದು. ಟ್ಯಾಂಕ್ ಬೇರೆ ಬೈಕಿನದಾದ್ರೂ ಪರವಾಗಿಲ್ಲ. ಇಂಥ ಜಾಹೀರಾತು ಕಂಡ್ರೆ ಮೊದಲ ಫೋನ್ ನಂದೇ.