ಗಮಕ ವಾಚನ ಮತ್ತು ಶ್ರೋತೃವಿನ ಅವಧಾನ

ಕೇಳುವವರ ಮನಸ್ಸನ್ನು ಹಿಡಿದು ನಿಲ್ಲಿಸುವುದು ಹೇಗೆಂಬುದು ಭಾಷಣಕಾರರ ಪ್ರಶ್ನೆಯೆಂದು ನಾವು ತಿಳಿದಿದ್ದೇವೆ. ಕಂಠ ಮಧುರವಾಗಿರಬೇಕು, ನಡುನಡುವೆ ನಗೆಯ ಮಾತು ಬರಬೇಕು, ಸಭೆಯತ್ತ ಕಣ್ಣಿಟ್ಟು ಮಾತನಾಡಬೇಕು ಎಂಬ ಉಪದೇಶಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಸಾಹಿತ್ಯ ವಿಮರ್ಶೆ ಮಾತ್ರ ಈ ವಿಷಯವನ್ನು ತನ್ನದೆಂದು ಎಣಿಸಿದುದು ವಿರಳ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಅನೇಕವು, ಅದರಲ್ಲಿಯೂ ಷಟ್ಪದಿಯ ಕಾವ್ಯಗಳು, ಓದುವ ಕಣ್ಣಿಗಿಂತ ಕೇಳುವ ಕಿವಿಯನ್ನು ನೆಚ್ಚಿ ಹುಟ್ಟಿದವು. ಕೇಳುಗನ ಅವಧಾನವನ್ನು ಕಾಯುವ ಉಪಾಯಗಳು ಆ ಕಾವ್ಯಗಳ ಕಟ್ಟಡದೊಳಗೇ ಇವೆ. ಅವನ್ನು ಗುರುತಿಸದೆ ವಾಚನವನ್ನಾಗಲಿ, ತರಗತಿಯ ಪಾಠವನ್ನಾಗಲಿ ರಂಜಕಗೊಳಿಸಲು ಹೊರಟರೆ ಕಾವ್ಯ ಒಂದು ಕಡೆ, ರಂಜನೆ ಒಂದು ಕಡೆ ಆಗುವುದು ಅನಿವಾರ್ಯ.

ಶಿವಮೊಗ್ಗದಲ್ಲಿ ಈ ವಿಚಾರವನ್ನು ಪುಸ್ತಕದಿಂದಲೇ ಆರಂಭಿಸಬೇಕಾದ ಅಗತ್ಯವಿಲ್ಲ. ತುಂಗೆಯ ಎರಡು ದಡಗಳಲ್ಲಿ ಎದುರುಬದುರಾಗಿರುವ ಮತ್ತೂರು, ಹೊಸಹಳ್ಳಿಗಳು ಊರಿಗೆ ಹತ್ತಿರವೇ ಇವೆ. ಮತ್ತೂರಿನ ಹೆಸರು ಸಂಸ್ಕೃತದಿಂದ ಹೆಚ್ಚು ಪ್ರಸಿದ್ಧವಾದರೆ ಹೊಸಹಳ್ಳಿಯದು ಗಮಕದಿಂದ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರ ವಾಚನಕ್ಕೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನವನ್ನು ಕೇಳಿದವರು ನಾಡಿನ ತುಂಬ ಇದ್ದಾರೆ. ಇಂಥ ನೆರೆಯಲ್ಲಿರುವುದರಿಂದ ಪೇಟೆಯ ಬಡಾವಣೆಗಳಲ್ಲಿಯೂ ಆಗಾಗ ಮನೆಗಳಲ್ಲಿ ವಾಚನ ನಡೆಯುವುದುಂಟು. ಸಾಗರದ ರಸ್ತೆಯಲ್ಲಿರುವ ಆಲ್ಕೊಳದ ಒಂದು ಮನೆಯಲ್ಲಿ ಕುಮಾರವ್ಯಾಸನ ವಿರಾಟಪರ್ವವನ್ನು ಎರಡು ಸಂಜೆ ಕೇಳುವ ಅವಕಾಶ ನಮಗೆ ಒದಗಿತ್ತು. ವಾಚಕರು ಎರಡು ದಿನವೂ ಒಬ್ಬರೇ; ವ್ಯಾಖ್ಯಾನಕಾರರು ಬೇರೆ ಬೇರೆ. ಕೇಳುವವರಲ್ಲಿ ಗೋಡೆಗೊರಗಿ ಮಲ್ಲಿಗೆಯ ಹೂ ಕಟ್ಟುತ್ತ ಕುಳಿತ ಒಬ್ಬ ವೃದ್ಧೆ ಇದ್ದರು. ಮೊದಲ ಸಂಜೆ, ಉತ್ತರಕುಮಾರನ ರಥ ಊರ ಹೊರಗೆ ಬಂದು ಕೌರವ ಸೇನೆ ಕಣ್ಣಿಗೆ ಬೀಳುವ ಹೊತ್ತಿಗೆ, ವ್ಯಾಖ್ಯಾನಕಾರರು ಮಾತನ್ನು ಅರ್ಧಕ್ಕೇ ನಿಲ್ಲಿಸಿ ವಾಚಕರ ಕಡೆ ತಿರುಗಿದರು. ಹೂ ಕಟ್ಟುತ್ತಿದ್ದ ಬೆರಳುಗಳು ನಿಂತುವು. ಆಮೇಲೆ ಬಹಳ ಹೊತ್ತು ಅವು ಚಲಿಸಲಿಲ್ಲ. ಎರಡನೆಯ ಸಂಜೆಯ ವ್ಯಾಖ್ಯಾನಕಾರರು ಮೊದಲಿನವರಿಗಿಂತ ಮಾತುಗಾರರು. ಸಭೆ ಹಲವು ಬಾರಿ ನಕ್ಕಿತು. ಆದರೆ ಆ ದಿನ ಮಾಲೆ ಬಹಳ ಉದ್ದವಾಯಿತು.

ಇದರಲ್ಲಿ ವಿಮರ್ಶೆಗೆ ಆಹಾರವಾಗಬಲ್ಲ ಒಂದು ವಿಷಯವಿದೆ. ನಗಿಸಿದವರು ಅವಧಾನವನ್ನು ಕಳೆದುಕೊಂಡರು, ಮಾತು ನಿಲ್ಲಿಸಿದವರು ಅದನ್ನು ಗಳಿಸಿದರು. ಹೀಗೇಕಾಯಿತು?

ಗಮಕಿಯ ಸ್ಥಿತಿಯನ್ನು ಮೊದಲು ನೋಡಬೇಕು. ಹರಿಕಥೆಯ ದಾಸರಿಗೆ ಉಪಕಥೆಯ ಸ್ವಾತಂತ್ರ್ಯವಿದೆ. ಸಭೆ ತೂಕಡಿಸಿದರೆ ಅವರು ದಾರಿ ಬದಲಿಸಬಲ್ಲರು. ತಾಳಮದ್ದಳೆಯ ಅರ್ಥಧಾರಿಗೆ ಎದುರಾಳಿಯಿದ್ದಾನೆ. ಪ್ರಶ್ನೆಗೆ ಏನು ಉತ್ತರ ಬಂದೀತು ಎಂಬ ಕುತೂಹಲವೇ ಸಭೆಯನ್ನು ಎಚ್ಚರದಲ್ಲಿಡುತ್ತದೆ. ಗಮಕ ವಾಚಕನಿಗೆ ಈ ಎರಡೂ ಇಲ್ಲ. ಅವನು ಕವಿಯ ಒಂದಕ್ಷರವನ್ನೂ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಕಥೆ ಎಲ್ಲರಿಗೂ ಗೊತ್ತಿದೆ. ಕೀಚಕ ಸಾಯುತ್ತಾನೆ, ಬೃಹನ್ನಳೆ ಅರ್ಜುನ, ಗೋವುಗಳು ಮರಳಿ ಬರುತ್ತವೆ. ಮುಂದೇನಾಯಿತೆಂಬ ಕುತೂಹಲ ಇಲ್ಲಿ ಹುಟ್ಟುವುದೇ ಇಲ್ಲ. ಆದರೂ ಒಂದು ಇಡೀ ಜನಾಂಗ ಇದೇ ಕಥೆಯನ್ನು ಇದೇ ಮಾತಿನಲ್ಲಿ ವರ್ಷವರ್ಷವೂ ಕೇಳಿತು. ಮಳೆ ಬಾರದಿದ್ದರೆ ವಿರಾಟಪರ್ವವನ್ನು ಓದಿಸುವ ರೂಢಿ ನಮ್ಮಲ್ಲಿದೆಯಾದರೂ, ಮಳೆಗೆ ಬರವಿಲ್ಲದ ಮಲೆನಾಡಿನ ಜನ ಅದನ್ನು ಮಳೆಗಾಗಿಯೇ ಕೇಳಿದರೆಂದು ಹೇಳಲಾಗದು.

ಕೇಳುಗನ ನಿರೀಕ್ಷೆ ಕಥೆಯ ಮುಂದಣ ಘಟನೆಯ ಮೇಲಲ್ಲ, ಪದ್ಯದ ಮುಂದಣ ಪಾದದ ಮೇಲೆ ನಿಂತಿದೆ. ಭಾಮಿನಿ ಷಟ್ಪದಿಯ ರಚನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಮೂರು, ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ಬಂದು 14 ಮಾತ್ರೆಯ ಪಾದವಾಗುತ್ತದೆ, ಎರಡನೆಯದೂ ಅಷ್ಟೇ. ಕಿವಿ ಆ ಅಳತೆಗೆ ಒಗ್ಗುವಷ್ಟರಲ್ಲಿ ಮೂರನೆಯ ಪಾದ ಅಲ್ಲಿಗೆ ನಿಲ್ಲದೆ 23 ಮಾತ್ರೆಗಳವರೆಗೆ ಚಾಚಿ, ಕೊನೆಯ ಗುರುವಿನ ಮೇಲೆ ವಿಶ್ರಮಿಸುತ್ತದೆ. ಉತ್ತರಾರ್ಧದಲ್ಲಿ ಇದೇ ಕ್ರಮ ಇನ್ನೊಮ್ಮೆ. ಒಟ್ಟು 102 ಮಾತ್ರೆಗಳ ಈ ಪದ್ಯದಲ್ಲಿ ನಿಜವಾದ ನಿಲುಗಡೆಗಳು ಎರಡೇ. ಅದರ ಮೇಲೆ ಆರು ಪಾದಗಳಿಗೂ ಎರಡನೆಯ ಅಕ್ಷರದ ಪ್ರಾಸವಿದೆ. ಅಂತ್ಯಪ್ರಾಸವಾದರೆ ಪಾದ ಮುಗಿದಾಗ ಕೇಳುಗನಿಗೆ ತೃಪ್ತಿಯಾಗಿ ಬಿಡುತ್ತದೆ. ಆದಿಪ್ರಾಸದ ಗುಣ ಬೇರೆ. ಹೊಸ ಪಾದ ಮೊದಲಾಗುವ ಕ್ಷಣದಲ್ಲಿಯೇ ಅದು ಕಿವಿಯನ್ನು ತಟ್ಟಿ ಎಚ್ಚರಿಸುತ್ತದೆ. ಮುಗಿದ ಪಾದದ ಸುಖದಲ್ಲಿ ಮೈಮರೆಯಲು ಅವಕಾಶವಿಲ್ಲ.

ಕುಮಾರವ್ಯಾಸ ಇಷ್ಟಕ್ಕೆ ತೃಪ್ತನಾಗಲಿಲ್ಲ. ಅವನ ವಾಕ್ಯ ಪಾದದೊಡನೆ ಮುಗಿಯುವುದು ಕಡಮೆ. ಎಷ್ಟೋ ಕಡೆ ಶಬ್ದವೇ ಒಂದು ಪಾದದಲ್ಲಿ ಹುಟ್ಟಿ ಮತ್ತೊಂದರಲ್ಲಿ ಮುಗಿಯುತ್ತದೆ. ವಾಚಕನ ಕಷ್ಟ ಮತ್ತು ಕೌಶಲ ಎರಡೂ ಇಲ್ಲಿಯೇ ಇವೆ. ಪಾದಾಂತದಲ್ಲಿ ನಿಂತರೆ ಅರ್ಥ ಮುರಿಯುತ್ತದೆ, ನಿಲ್ಲದೆ ಓಡಿದರೆ ಛಂದಸ್ಸಿನ ನಡೆ ಮರೆಯಾಗುತ್ತದೆ. ಒಳ್ಳೆಯ ಗಮಕಿ ಅಲ್ಲಿ ಸ್ವರವನ್ನು ಇಳಿಸದೆ, ಉಸಿರನ್ನು ಮಾತ್ರ ತೆಗೆದುಕೊಂಡು, ವಾಕ್ಯ ಇನ್ನೂ ಇದೆಯೆಂಬುದನ್ನು ಧ್ವನಿಯಿಂದಲೇ ಸೂಚಿಸುತ್ತಾನೆ. ಆಲ್ಕೊಳದ ವಾಚಕರಲ್ಲಿ ಈ ಗುಣ ಸಾಕಷ್ಟಿತ್ತು. ಶೋಕಕ್ಕೆ ಮುಖಾರಿ, ವೀರಕ್ಕೆ ಆರಭಿ ಎಂಬ ರೂಢಿಯನ್ನು ಅವರು ಪಾಲಿಸಿದರು. ಆದರೆ ಆಲಾಪನೆಯನ್ನು ಬೆಳೆಸಲಿಲ್ಲ. ರಾಗ ಬೆಳೆದಷ್ಟೂ ಮಾತು ಕುಗ್ಗುತ್ತದೆ. ಸಂಗೀತ ಕಚೇರಿಗೆ ಹೋಗಬಹುದಾದ ಜನ ಗಮಕಕ್ಕೆ ಬರುವುದು ಮಾತಿಗಾಗಿ.

ನಮ್ಮ ಆಲಂಕಾರಿಕರು ಈ ಸೂಕ್ಷ್ಮವನ್ನು ಅರಿಯದವರಲ್ಲ. ರಸಾನುಭವಕ್ಕೆ ಬರುವ ವಿಘ್ನಗಳು ಏಳೆಂದು ಅಭಿನವಗುಪ್ತ ಎಣಿಸಿದ್ದಾನೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಪ್ರಕಟವಾದಂದಿನಿಂದ ರಸವಿಚಾರ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವೇ ಆಗಿದೆಯಾದರೂ, ವಿಘ್ನಗಳ ಈ ಭಾಗವನ್ನು ಕೇವಲ ತತ್ತ್ವವೆಂದು ಓದಿ ಬಿಡುವವರೇ ಹೆಚ್ಚು. ವಾಸ್ತವವಾಗಿ ಅದು ಸಭೆಯ ಪರೀಕ್ಷೆ. ಕೇಳುಗ ತನ್ನ ಸುಖದುಃಖಗಳಲ್ಲಿಯೇ ಮುಳುಗಿರುವುದು ಒಂದು ವಿಘ್ನ. ಅದನ್ನು ಕಳೆಯಲು ಗೀತವಾದ್ಯಾದಿಗಳು ಎಂದು ಅಲ್ಲಿ ಪರಿಹಾರ ಹೇಳಿದೆ. ಅಪ್ರಧಾನವಾದುದು ಪ್ರಧಾನವಾಗಿ ತಲೆಯೆತ್ತುವುದೂ ಒಂದು ವಿಘ್ನ. ಎರಡನ್ನೂ ಜೊತೆಗಿಟ್ಟು ನೋಡಿದರೆ ಗಮಕಿಯ ದಾರಿ ಎಷ್ಟು ಇಕ್ಕಟ್ಟಾದದ್ದೆಂಬುದು ತಿಳಿಯುತ್ತದೆ: ಮನೆಯ ಚಿಂತೆಯಿಂದ ಕೇಳುಗನನ್ನು ಬಿಡಿಸಲು ರಾಗ ಬೇಕು, ಬಿಡಿಸಿದ ಮೇಲೆ ಅದೇ ರಾಗ ಅವನನ್ನು ಕಟ್ಟಿಹಾಕಬಾರದು.

ವಿನೋದದ ಮಾತೂ ಹೀಗೆಯೇ. ಅರಿಸ್ಟಾಟಲ್ ತನ್ನ ‘ರೆಟರಿಕ್’ ಗ್ರಂಥದ ಮೂರನೆಯ ಭಾಗದಲ್ಲಿ, ಕೇಳುವವರು ತೂಕಡಿಸಿದಾಗ ತನ್ನ ಐವತ್ತು ದ್ರಾಖ್ಮೆಯ ಉಪನ್ಯಾಸದಿಂದ ಒಂದು ತುಣುಕನ್ನು ನಡುವೆ ತೂರಿಸುತ್ತಿದ್ದ ಪ್ರೋಡಿಕಸ್ ಎಂಬ ಪಂಡಿತನನ್ನು ನೆನೆಯುತ್ತಾನೆ. ಭಾಷಣದ ಆರಂಭದಲ್ಲಿ ಅವಧಾನವನ್ನು ಬೇಡುವುದು ಹಾಸ್ಯಾಸ್ಪದ, ಏಕೆಂದರೆ ಆರಂಭದಲ್ಲಿ ಎಲ್ಲರೂ ಕೇಳುತ್ತಲೇ ಇರುತ್ತಾರೆ, ಅದು ಸಡಿಲವಾಗುವುದು ಮುಂದೆ ಎಂಬ ಅವನ ಮಾತು ಎಲ್ಲ ಕಾಲಕ್ಕೂ ಸಲ್ಲುತ್ತದೆ. ಆದರೆ ಪ್ರೋಡಿಕಸನ ಉಪಾಯದ ದೋಷವೂ ಇಲ್ಲಿ ಸ್ಪಷ್ಟ. ತುಣುಕು ಅಷ್ಟು ರುಚಿಯಾಗಿದ್ದರೆ ಅದನ್ನು ನುಂಗಿದ ಸಭೆ ಮತ್ತೊಂದು ತುಣುಕಿಗಾಗಿ ಕಾಯುತ್ತದೆ, ಉಪನ್ಯಾಸಕ್ಕಾಗಿ ಅಲ್ಲ. ಎರಡನೆಯ ಸಂಜೆ ಆಲ್ಕೊಳದಲ್ಲಿ ಆದದ್ದು ಇದೇ. ಎರಡು ಚಟಾಕಿಗಳ ನಡುವೆ ಬರುವ ಪದ್ಯ ಸಭೆಗೆ ವಿರಾಮದ ಕಾಲವಾಗಿ ಪರಿಣಮಿಸಿತು.

ಉತ್ತರಕುಮಾರನ ಪ್ರಸಂಗಕ್ಕಂತೂ ಹೊರಗಿನ ವಿನೋದದ ಅವಶ್ಯಕತೆಯೇ ಇಲ್ಲ. ಇಲ್ಲಿ ಕವಿ ತಿಳಿವಳಿಕೆಯನ್ನು ಹಂಚಿರುವ ರೀತಿಯನ್ನು ಗಮನಿಸಬೇಕು. ಹೆಂಗಳೆಯರ ನಡುವೆ ಕುಳಿತು ಪೌರುಷ ಕೊಚ್ಚಿಕೊಳ್ಳುವ ರಾಜಕುಮಾರನಿಗೆ ಏನೂ ತಿಳಿಯದು. ಕೇಳುತ್ತಿರುವ ಅಂತಃಪುರದವರಿಗೂ ತಿಳಿಯದು. ಸೈರಂಧ್ರಿಗೆ ಎಲ್ಲ ತಿಳಿದಿದೆ, ಆಕೆ ಹೇಳುವಂತಿಲ್ಲ. ಬೃಹನ್ನಳೆಗೆ ತಿಳಿದಿದೆ, ಆತ ತಿಳಿಯದವನಂತೆ ನಟಿಸಬೇಕು. ಇವರೆಲ್ಲರ ಜೊತೆಗೆ, ಜಗುಲಿಯ ಮೇಲೆ ಕುಳಿತ ಕೇಳುಗನಿಗೂ ಎಲ್ಲ ತಿಳಿದಿದೆ. ಕಥೆ ಗೊತ್ತಿರುವುದು ಅವಧಾನಕ್ಕೆ ಅಡ್ಡಿಯೆಂದು ನಾವು ಮೇಲೆ ಹೇಳಿದೆವಷ್ಟೆ. ಕುಮಾರವ್ಯಾಸ ಆ ಅಡ್ಡಿಯನ್ನೇ ಮೆಟ್ಟಿಲು ಮಾಡಿಕೊಂಡಿದ್ದಾನೆ. ಕೇಳುಗ ಸೈರಂಧ್ರಿಯ ಗುಟ್ಟಿನಲ್ಲಿ ಪಾಲುಗಾರನಾಗುತ್ತಾನೆ. ಉತ್ತರನ ಒಂದೊಂದು ಬಡಾಯಿಯೂ ಅವನಿಗೆ ಎರಡು ಅರ್ಥದಲ್ಲಿ ಕೇಳಿಸುತ್ತದೆ. ಗುಟ್ಟನ್ನು ಬಲ್ಲವನು ನಿದ್ರಿಸಲಾರ.

ಮೊದಲ ಸಂಜೆಯ ವ್ಯಾಖ್ಯಾನಕಾರರು ಇದನ್ನು ಅರಿತಿದ್ದರು. ಬೃಹನ್ನಳೆಯನ್ನು ಅವರು ಕೊನೆಯವರೆಗೂ ಬೃಹನ್ನಳೆಯೆಂದೇ ಕರೆದರು. ಮರುದಿನದವರು ಹಿಂದಿನ ಕಥೆಯನ್ನು ಸಂಗ್ರಹಿಸುವಾಗ ಪ್ರತಿಸಲವೂ ‘ಅಂದರೆ ನಮ್ಮ ಅರ್ಜುನ’ ಎಂದು ಸೇರಿಸಿದರು. ಸಭೆಗೆ ಗೊತ್ತಿದ್ದುದನ್ನೇ ಅವರು ಹೇಳಿದರು, ನಿಜ. ಆದರೆ ಹಾಗೆ ಹೇಳಿದೊಡನೆ ಗುಟ್ಟು ಕೇಳುಗನ ಸ್ವತ್ತಾಗಿ ಉಳಿಯಲಿಲ್ಲ.

ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಹುಟ್ಟನ್ನು ತಿಳಿಸುವ ಸಂದರ್ಭ ಇನ್ನೂ ನಾಜೂಕಾದುದು. ಅಲ್ಲಿಯೂ ವಿಷಯ ಕೇಳುಗನಿಗೆ ಮೊದಲೇ ಗೊತ್ತು, ಗೊತ್ತಿಲ್ಲದವನು ಕರ್ಣನೊಬ್ಬನೇ. ಕವಿ ಅಲ್ಲಿ ಕರ್ಣನ ಮಾತಿಗಿಂತ ಮೊದಲು ಅವನ ದೇಹವನ್ನು ತೋರಿಸುತ್ತಾನೆ. ಕೊರಳ ನರಗಳು ಉಬ್ಬುತ್ತವೆ, ಕಣ್ಣೀರು ನುಗ್ಗುತ್ತದೆ. ಆಮೇಲೆ ಅವನು ಮನಸ್ಸಿನೊಳಗೆ ಮರುಗುವುದು ತನಗಾಗಿಯಲ್ಲ, ದುರ್ಯೋಧನನಿಗಾಗಿ. ಈ ಒಂದು ತಿರುವಿಗಾಗಿ ಇಡೀ ಪ್ರಕರಣ ಕಾದಿದೆ. ಪದ್ಯಕ್ಕೆ ಮುಂಚೆಯೇ ವ್ಯಾಖ್ಯಾನಕಾರ ಗದ್ಗದನಾಗಿ ಕರ್ಣನ ಔದಾರ್ಯವನ್ನು ಹೊಗಳಿಬಿಟ್ಟರೆ ವಾಚಕನಿಗೆ ಉಳಿಯುವ ಕೆಲಸವೇನು? ಸಭೆ ಆಗಲೇ ಅತ್ತು ಮುಗಿಸಿರುತ್ತದೆ.

ವ್ಯಾಖ್ಯಾನ ಪದ್ಯದ ಬಾಗಿಲವರೆಗೆ ಕೇಳುಗನನ್ನು ಕರೆದೊಯ್ದು ಅಲ್ಲಿ ನಿಲ್ಲಬೇಕು, ಒಳಗೆ ತಾನೇ ಹೊಕ್ಕು ಬಾಗಿಲು ಮುಚ್ಚಬಾರದು. ಹಳೆಯ ಮಾತು ಇಂದಿನವರಿಗೆ ಅರ್ಥವಾಗದು, ಆದ್ದರಿಂದ ಅರ್ಥವನ್ನು ಮೊದಲೇ ಹೇಳಬೇಕೆಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಒಂದು ಷಟ್ಪದಿಯಲ್ಲಿ ನಿಜವಾಗಿ ಕಾಡುವ ಶಬ್ದಗಳು ಮೂರೋ ನಾಲ್ಕೋ. ಅವನ್ನು ಪೀಠಿಕೆಯ ಮಾತಿನಲ್ಲಿ ಸಹಜವಾಗಿ ಸೇರಿಸಿದರೆ, ಪದ್ಯ ಬಂದಾಗ ಅವು ಹಳೆಯ ಪರಿಚಿತರಂತೆ ಎದುರಾಗುತ್ತವೆ. ಮೊದಲ ಸಂಜೆಯ ವ್ಯಾಖ್ಯಾನಕಾರರು ಮಾಡಿದ್ದೂ ಇದನ್ನೇ. ಆ ಹೊತ್ತಿಗೆ ಅದು ನಮ್ಮ ಗಮನಕ್ಕೆ ಬರಲಿಲ್ಲ.

ಕಾವ್ಯದ ಪೀಠಿಕೆಯಲ್ಲಿ ಕುಮಾರವ್ಯಾಸ, ತನ್ನ ಕೃತಿ ಅರಸರಿಗೆ ಏನು, ದ್ವಿಜರಿಗೆ ಏನು, ಯೋಗಿಗಳಿಗೆ, ಮಂತ್ರಿಗಳಿಗೆ, ವಿರಹಿಗಳಿಗೆ, ವಿದ್ವಾಂಸರಿಗೆ ಏನು ಎಂದು ಒಬ್ಬೊಬ್ಬರನ್ನೂ ಹೆಸರಿಸಿ ಹೇಳುತ್ತಾನೆ. ಇದನ್ನು ಆತ್ಮಪ್ರಶಂಸೆಯೆಂದು ಓದುವುದು ವಾಡಿಕೆ. ನಮಗೆ ಅದು ಸಭೆಯನ್ನು ಕಣ್ಣಾರೆ ಕಂಡ ಕವಿಯ ಲೆಕ್ಕವಾಗಿ ತೋರುತ್ತದೆ. ಇವರಿಗಿಷ್ಟು ಅವರಿಗಿಷ್ಟು ಎಂದು ಅವನು ಕಾವ್ಯವನ್ನು ಪಾಲು ಮಾಡಲಿಲ್ಲವೆಂಬುದು ಇಲ್ಲಿ ಮುಖ್ಯ. ಉತ್ತರನ ಪ್ರಸಂಗದಲ್ಲಿ ಮಗುವಿಗೆ ಓಡುವ ರಾಜಕುಮಾರ ಸಾಕು. ಹಿರಿಯರಿಗೆ ನಗುವಿನ ಹಿಂದೆ ಅಜ್ಞಾತವಾಸದ ಅವಮಾನವೂ ಕಾಣುತ್ತದೆ. ಪದ್ಯ ಒಂದೇ.

ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಯಿತು. ರೇಡಿಯೋ ಬಂದ ಮೇಲೆ ವಾಚಕನಿಗೆ ಹೂ ಕಟ್ಟುವ ಬೆರಳುಗಳು ಕಾಣದಾದುವು. ಈಗ ಮೊಬೈಲಿನಲ್ಲಿ ಕೇಳುವವನು ಬೇಸರವಾದೊಡನೆ ಮುಂದಕ್ಕೆ ಸರಿಸಬಲ್ಲ. ಇದರಿಂದ ಅವಧಾನವೇ ನಾಶವಾಯಿತೆಂದು ಕೊರಗುವವರಿದ್ದಾರೆ. ಜಗುಲಿಯ ಕೇಳುಗನಿಗೂ ಎದ್ದು ಹೋಗುವ ಸ್ವಾತಂತ್ರ್ಯವಿತ್ತೆಂಬುದನ್ನು ಅವರು ಮರೆತಂತಿದೆ. ಆ ಸ್ವಾತಂತ್ರ್ಯ ಇಲ್ಲದಿರುವುದು ನಮ್ಮ ತರಗತಿಗಳಲ್ಲಿ ಮಾತ್ರ.

ತರಗತಿಯ ಮಾತು ಬಂದುದರಿಂದ ನಮ್ಮದೇ ಒಂದು ತಪ್ಪೊಪ್ಪಿಗೆಯನ್ನು ಸೇರಿಸುವುದು ಉಚಿತ. ವಿರಾಟಪರ್ವದ ಈ ಭಾಗವನ್ನು ಹಲವು ವರ್ಷ ನಾವು ಪಾಠ ಹೇಳಿದ್ದುಂಟು. ಕ್ರಮ ಯಾವಾಗಲೂ ಒಂದೇ: ಮೊದಲು ಪದ್ಯದ ಸಾರಾಂಶ, ಬಳಿಕ ಪದ್ಯ, ಬಳಿಕ ಮತ್ತೆ ಸಾರಾಂಶ, ಕೊನೆಗೆ ‘ಹಾಸ್ಯರಸ’ ಎಂದು ಹಲಗೆಯ ಮೇಲೆ ಒಂದು ಶಬ್ದ. ಉತ್ತರನ ಓಟಕ್ಕೆ ಯಾರೂ ನಗಲಿಲ್ಲ. ಆಲ್ಕೊಳದಿಂದ ಬಂದ ಮರುವಾರ ಅದೇ ಪ್ರಸಂಗವನ್ನು ಸಾರಾಂಶವಿಲ್ಲದೆ, ರಥ ಊರು ಬಿಡುವವರೆಗೆ ಕಥೆ ಹೇಳಿ, ಕಠಿಣ ಶಬ್ದಗಳನ್ನು ಆ ಕಥೆಯಲ್ಲಿಯೇ ಬಳಸಿ, ಆಮೇಲೆ ಪದ್ಯಗಳನ್ನು ಒಂದೇ ಓಟದಲ್ಲಿ ಓದಿದೆವು. ನಮ್ಮ ಕಂಠ ಗಮಕಕ್ಕೆ ಒಗ್ಗುವಂಥದಲ್ಲ. ರಾಗವಿಲ್ಲದೆ, ವಾಕ್ಯ ನಿಲ್ಲುವಲ್ಲಿ ಮಾತ್ರ ನಿಂತು ಓದಿದ್ದು ಅಷ್ಟೆ. ಹಿಂದಿನ ಬೆಂಚಿನಲ್ಲಿ ಒಬ್ಬಳು ನಕ್ಕಳು, ಅನಂತರ ಮತ್ತಿಬ್ಬರು. ಗಂಟೆ ಹೊಡೆದ ಮೇಲೆ ಒಬ್ಬ ವಿದ್ಯಾರ್ಥಿ ಬಂದು, ಪರೀಕ್ಷೆಗೆ ಸಾರಾಂಶವನ್ನು ಯಾವಾಗ ಬರೆಸುತ್ತೀರಿ ಎಂದು ವಿನಯದಿಂದ ಕೇಳಿದ.