ಹುಲಿ ಕಂಡಿತು, ಊರು ಕಾಣಲಿಲ್ಲ

'ವೈಲ್ಡ್ ಕರ್ನಾಟಕ' ಮೊದಲು ನೋಡಿದ್ದು 2020ರ ಜನವರಿಯಲ್ಲಿ, ಥಿಯೇಟರಿನಲ್ಲಿ. ಅಮೋಘವರ್ಷ, ಕಲ್ಯಾಣ್ ವರ್ಮಾ ಸೇರಿ ಮಾಡಿದ ಚಿತ್ರ. ಡೇವಿಡ್ ಅಟೆನ್‌ಬರೋ ದನಿ. ತೆರೆ ತುಂಬ ಹುಲಿ ಬಂದಾಗ ಮೈ ಜುಮ್ಮೆಂದಿತ್ತು. ಮುಂದಿನ ಶನಿವಾರವೇ ಗೆಳೆಯರ ಜೊತೆ ಬೆಂಗಳೂರಿಂದ ಬಂಡೀಪುರಕ್ಕೆ ಕಾರು ಹೊರಟಿತು. ದಾರಿಯಲ್ಲಿ ನಂಜನಗೂಡಿನಲ್ಲಿ ರಸಬಾಳೆ ಕೊಂಡು, ಸಂಜೆ ಸಫಾರಿ ಬಸ್ ಹತ್ತಿದ್ವಿ. ಜಿಂಕೆ, ನವಿಲು, ಆನೆ ಲದ್ದಿ. ಹುಲಿ ಇಲ್ಲ. 'ದುಡ್ಡು ದಂಡ' ಅಂತ ಹಿಂದಿನ ಸೀಟಿನಲ್ಲಿ ಯಾರೋ ಗೊಣಗಿದರು. ನಾನೂ ಹೂಂ ಅಂದೆ.

ಮೊನ್ನೆ ಚಿತ್ರವನ್ನು ಮತ್ತೆ ನೋಡಿದೆ. ನಾಲ್ಕು ವರ್ಷ ಕಾದು ತೆಗೆದದ್ದು ಒಂದು ಗಂಟೆಯೊಳಗೆ ಮುಗಿಯುತ್ತೆ. ನಮಗೆ ಸಫಾರಿ ಬಸ್ಸಿನಲ್ಲಿ ತಾಳ್ಮೆ ಇಲ್ಲದ್ದಕ್ಕೆ ಇದೂ ಒಂದು ಕಾರಣ. ಕ್ಯಾಮೆರಾ ಕೆಲಸಕ್ಕೆ ಈಗಲೂ ಕೈ ಮುಗೀತೀನಿ. ಆದರೆ ಈ ಕಾಡಿಗೆ ಅಂಚೇ ಇಲ್ಲ. ಅಂಚಿನಲ್ಲಿ ದನ ಕಾಯೋರು ಈ ಸಲವೂ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ಅಂಚು ಇರೋದು ನಾವು ಬಾಳೆಹಣ್ಣು ಕೊಂಡ ತಾಲ್ಲೂಕಿನಲ್ಲೇ. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಬಂಡೀಪುರ ಹುಲಿ ಮೀಸಲು ಪ್ರದೇಶದ ಒಂದು ವಲಯ. 2023ರ ನವೆಂಬರಿನಲ್ಲಿ ಅಲ್ಲಿನ ಬಳ್ಳೂರುಹುಂಡಿ ಬಳಿ ದನ ಮೇಯಿಸುತ್ತಿದ್ದ ಹೆಂಗಸೊಬ್ಬರನ್ನು ಹುಲಿ ಕೊಂದಿತು. ನಾವು ಹುಲಿ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದು ಈ ಜನರ ಊರಿನ ಮುಂದೆ ಹಾದು ಹೋಗಿ!

ಇಂಥ ಚಿತ್ರ ಇನ್ನೊಂದು ಬಂದರೆ ಖಂಡಿತ ನೋಡ್ತೀನಿ. ಕೊನೆಯ ಐದು ನಿಮಿಷವಾದರೂ ಕ್ಯಾಮೆರಾ ಅಲ್ಲಿನ ಹೊಲದ ಬದುವಿನಲ್ಲಿ ನಿಲ್ಲಲಿ.